ಜಪಾನ್ ಶಾಲೆಗಳ ಬಗ್ಗೆ ವಾಟ್ಸಾಪ್‌ನಲ್ಲಿ ಬರೋದೆಲ್ಲ ನಿಜಾನಾ? ಅಲ್ಲಿ ಪಾಠ ಮಾಡಿದವರು ಹೇಳಿ

ಸಾಗರದ_ಸೆನ್ಸೇ
ಎಲ್ಲರಿಗೂ ನಮಸ್ಕಾರ. ನಾನು ಜಪಾನಿನ ಶಿಮಾನೆ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ವಿದೇಶಿಯರನ್ನು ಇಲ್ಲಿಯ ಶಾಲೆಗಳಿಗೆ ಕರೆಸುವ ಜಪಾನ್ ಸರ್ಕಾರದ ಜೆಟ್ ಯೋಜನೆಯಲ್ಲಿ ಬಂದವಳು. ಎರಡು ಪ್ರಾಥಮಿಕ ಶಾಲೆ, ಒಂದು ಪ್ರೌಢಶಾಲೆಗೆ (ಇಲ್ಲಿ ಅಂದರೆ 7ರಿಂದ 9ನೇ ಕ್ಲಾಸು) ಸರದಿ ಪ್ರಕಾರ ಹೋಗುತ್ತೇನೆ.

ತೊಂದರೆ ಏನಂದ್ರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪು. ವಾರಕ್ಕೊಂದಾದರೂ ಜಪಾನ್ ಶಾಲೆಯ ವಿಡಿಯೊ ಬರುತ್ತದೆ. ಹಿಂದೆ ಕೊಳಲು, ಮೇಲೆ ಕೆಂಪು ಅಕ್ಷರ. "ಜಪಾನಿನ ಶಾಲೆಗಳಲ್ಲಿ ಜವಾನರೇ ಇಲ್ಲ." "10 ವರ್ಷದ ತನಕ ಪರೀಕ್ಷೆ ಇಲ್ಲ, ಬರೀ ಸಂಸ್ಕಾರ ಕಲಿಸುತ್ತಾರೆ." ಕೊನೆಗೆ ದೊಡ್ಡಪ್ಪನ ಒಂದು ಸಾಲು: ನಮ್ಮವರಿಗೆ ಯಾವಾಗ ಬುದ್ಧಿ ಬರುತ್ತೋ.

ಹಾಗಲ್ಲ ದೊಡ್ಡಪ್ಪ ಅಂದರೆ "ಅವರ ಅನ್ನ ತಿಂದು ಅವರನ್ನೇ ಆಡಿಕೊಳ್ತೀಯಲ್ಲಮ್ಮ" ಅಂತಾರೆ. ಹೌದು ಅಂದರೆ ನಾನು ಸುಳ್ಳಿಗೆ ಸಹಿ ಹಾಕಿದ ಹಾಗೆ. ಇಲ್ಲಿ ಜಪಾನಿನಲ್ಲಿ ಪಾಠ ಮಾಡಿದವರು, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸಿದವರು ಇದ್ದೀರಿ. ನಿಮಗೆ ಕಂಡಿದ್ದು ಹೇಳಿ.

ಮೊದಲು ನನಗೆ ಕಂಡಿದ್ದು. ಊಟ ಆದ ಮೇಲೆ ಕಾಲು ಗಂಟೆ ಕ್ಲೀನಿಂಗ್. ಮೈಕಿನಲ್ಲಿ ಹಾಡು ಶುರುವಾದರೆ ಎಲ್ಲರೂ ಏಳಬೇಕು. ಕುರ್ಚಿಯನ್ನು ಡೆಸ್ಕ್ ಮೇಲೆ ಬೋರಲು ಹಾಕಿ, ಡೆಸ್ಕ್‌ಗಳನ್ನೆಲ್ಲ ಹಿಂದಕ್ಕೆ ತಳ್ಳುತ್ತಾರೆ. ಮುಂದಿನ ಅರ್ಧ ಗುಡಿಸಿ ಒರೆಸಿ, ಮತ್ತೆ ಎಲ್ಲವನ್ನೂ ಮುಂದಕ್ಕೆ ತಳ್ಳಿ ಹಿಂದಿನ ಅರ್ಧ. ಕಾರಿಡಾರಿನಲ್ಲಿ ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ನೆಲಕ್ಕೆ ಒತ್ತಿ, ಸೊಂಟ ಮೇಲೆತ್ತಿ, ಈ ತುದಿಯಿಂದ ಆ ತುದಿಗೆ ಓಟ. ಮೂರನೇ ಕ್ಲಾಸಿನ ಹುಡುಗರಿಗೆ ಅದು ರೇಸು. ಗೋಡೆ ಮೇಲೆ ರಟ್ಟಿನ ಚಕ್ರ ಒಂದು ಇರುತ್ತದೆ. ವಾರಕ್ಕೊಮ್ಮೆ ತಿರುಗಿಸಿದರೆ ಯಾವ ಗುಂಪಿಗೆ ಯಾವ ಕೆಲಸ ಅಂತ ಬದಲಾಗುತ್ತದೆ. ಒರೆಸುವ ಬಟ್ಟೆ ಮನೆಯಿಂದ ತರಬೇಕು. ಹಳೆ ಟವೆಲ್ ಮಡಚಿ ಅಜ್ಜಿಯರು ಹೊಲಿದು ಕೊಡುತ್ತಾರೆ. ಪುರುಸೊತ್ತಿಲ್ಲದ ಅಮ್ಮಂದಿರು 100 ಯೆನ್ ಅಂಗಡಿಯಿಂದ ತರುತ್ತಾರೆ.

ಚೆನ್ನಾಗಿ ಕ್ಲೀನ್ ಆಗುತ್ತಾ? ಸುಮಾರು. ಮೂಲೆ ಹಾಗೇ ಉಳಿಯುತ್ತದೆ. ಪೊರಕೆಯಲ್ಲಿ ಕತ್ತಿವರಸೆ ಆಡುವವರು ಇಲ್ಲೂ ಇದ್ದಾರೆ. ಮತ್ತೆ ಜವಾನರು ಇದ್ದಾರೆ! ನಮ್ಮ ಶಾಲೆಯಲ್ಲಿ ಒಬ್ಬ ತಾತ ಇದ್ದಾರೆ. ಹುಲ್ಲು ಕೊಚ್ಚೋದು, ಕಿಟಕಿ ರಿಪೇರಿ, ಗೇಟಿನ ಮುಂದೆ ಹಿಮ ತೆಗೆಯೋದು ಎಲ್ಲ ಅವರೇ. ವಿಡಿಯೊ ಮಾಡುವವರ ಕಣ್ಣಿಗೆ ಅವರೊಬ್ಬರು ಮಾತ್ರ ಬೀಳೋದಿಲ್ಲ.

ಇಡ್ಲಿ_ವಡೆ_ಮಿಕ್ಸ್
ನಿಮ್ಮ ದೊಡ್ಡಪ್ಪನ ಗ್ರೂಪಿಗೆ ನನ್ನನ್ನೂ ಸೇರಿಸಿ ಅಕ್ಕ. ನಮ್ಮ ಮಾವನ ಗ್ರೂಪಿನಲ್ಲಿ ಬರೀ ಸಿಂಗಾಪುರ.

ನಿಶಿಕಸಾಯಿ_ನಾಗ
ಆ "10 ವರ್ಷದ ತನಕ ಪರೀಕ್ಷೆ ಇಲ್ಲ" ಅನ್ನೋದನ್ನ ಮೊದಲು ಬರೆದವರು ಸಿಕ್ಕಿದರೆ ನನ್ನ ಮಗನ ಬ್ಯಾಗು ಹೊರಿಸಬೇಕು ಅಂತಿದ್ದೀನಿ. ಟೋಕಿಯೊದ ಎದೊಗಾವಾದಲ್ಲಿ ಇದ್ದೀವಿ, ಅವನು ಇಲ್ಲಿಯ ಸರ್ಕಾರಿ ಶಾಲೆಗೇ ಹೋಗೋದು. ಒಂದನೇ ಕ್ಲಾಸಿನಲ್ಲೇ 80 ಕಾಂಜಿ (ಚೀನಾದಿಂದ ಬಂದ ಲಿಪಿ) ಅಕ್ಷರ ಕಲಿಯಬೇಕು. ಆರನೇ ಕ್ಲಾಸು ಮುಗಿಯೋ ಹೊತ್ತಿಗೆ 1,026. ಪಾಠ ಒಂದು ಮುಗಿದರೆ ಒಂದು ಟೆಸ್ಟು. ಕೆಂಪು ಪೆನ್ನಿನಲ್ಲಿ ತಿದ್ದಿ, 100ಕ್ಕೆ ಇಷ್ಟು ಅಂತ ಬರೆದು ಮನೆಗೆ ಕಳಿಸುತ್ತಾರೆ. ಗೆರೆಯ ತುದಿ ಕೊಕ್ಕೆ ಬರದಿದ್ದರೆ ಅದಕ್ಕೂ ಮಾರ್ಕ್ಸ್ ಹೋಗುತ್ತದೆ.

ನಿಜ ಏನಂದ್ರೆ ಇಲ್ಲಿ ನಪಾಸು ಇಲ್ಲ. ಒಂಬತ್ತನೇ ಕ್ಲಾಸಿನವರೆಗೆ ಕಡ್ಡಾಯ ಶಿಕ್ಷಣ. ಓದಲಿ ಬಿಡಲಿ, ಏಪ್ರಿಲ್ ಬಂದರೆ ಮುಂದಿನ ಕ್ಲಾಸಿಗೆ ತಳ್ಳುತ್ತಾರೆ. ನಪಾಸಿಲ್ಲ ಅನ್ನೋದು ವಾಟ್ಸಾಪಿಗೆ ಬರೋ ಹೊತ್ತಿಗೆ ಪರೀಕ್ಷೆಯೇ ಇಲ್ಲ ಅಂತಾಗಿದೆ. ಅಸಲಿ ಬಿಲ್ಲು ಬರೋದು 15ನೇ ವಯಸ್ಸಿಗೆ, ಹೈಸ್ಕೂಲ್ (ಇಲ್ಲಿ ಹತ್ತನೇ ಕ್ಲಾಸಿನಿಂದ) ಪ್ರವೇಶ ಪರೀಕ್ಷೆಯಲ್ಲಿ. ಅದಕ್ಕೆ ಸಂಜೆ ಟ್ಯೂಷನ್. ರಾತ್ರಿ ಒಂಬತ್ತಕ್ಕೆ ಸ್ಟೇಷನ್ ಹತ್ತಿರ ಹೋಗಿ ನೋಡಿ, ಮಕ್ಕಳು ಟ್ಯೂಷನ್ ಮುಗಿಸಿ ಬರ್ತಿರ್ತಾರೆ.

ನಿವೃತ್ತ_ಮೇಷ್ಟ್ರು
ತಂಗೀ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ಇದರಲ್ಲಿ ಹೊಸದೇನಿದೆ? ನಾವು ಓದುವಾಗ ಶನಿವಾರ ಬೆಳಗ್ಗೆ ಸಗಣಿ ತಂದು ಶಾಲೆಯ ನೆಲ ಸಾರಿಸುತ್ತಿದ್ದೆವು. ಗಿಡಕ್ಕೆ ನೀರು, ಬೋರ್ಡಿಗೆ ಇದ್ದಿಲು ಬಳಿಯೋದು, ಎಲ್ಲ ನಾವೇ. ನಾನು ಮೇಷ್ಟ್ರಾದ ಮೇಲೂ ಮಾಡಿಸಿದ್ದೇನೆ. ಈಗ ಒಂದು ಮಗುವಿನ ಕೈಗೆ ಪೊರಕೆ ಕೊಟ್ಟರೆ ಮಧ್ಯಾಹ್ನದೊಳಗೆ ವಿಡಿಯೊ, ಸಂಜೆಯೊಳಗೆ ಸಸ್ಪೆಂಡ್. ಜಪಾನಿನಲ್ಲಿ ಮಾಡಿದರೆ ಸಂಸ್ಕಾರ, ಚಿಕ್ಕಮಗಳೂರಿನಲ್ಲಿ ಮಾಡಿದರೆ ಶೋಷಣೆ. ಇದ್ಯಾವ ನ್ಯಾಯ?

ಮಾಲೂರು_ಕಡೆಯವ
ಸಾರ್, ಗೌರವದಿಂದಲೇ ಕೇಳ್ತೀನಿ. ಆ ಪೊರಕೆ ಯಾವ ಮಗುವಿನ ಕೈಗೆ ಹೋಗುತ್ತಿತ್ತು? ನೆಲ ಸಾರಿಸೋದು ಹೆಣ್ಣುಮಕ್ಕಳಿಗೆ, ಕಕ್ಕಸು ತೊಳೆಯೋದು ಕಾಲೊನಿ ಮಕ್ಕಳಿಗೆ, ಮೇಷ್ಟ್ರ ಮನೆಗೆ ನೀರು ಸೇದೋದು ಬಡವರ ಮಕ್ಕಳಿಗೆ. ಹಾಗೆ ಇತ್ತೋ ಇಲ್ಲವೋ? 2023ರ ಡಿಸೆಂಬರ್‌ನಲ್ಲಿ ನಮ್ಮ ತಾಲ್ಲೂಕಿನದೇ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಪೇಪರಿನಲ್ಲಿ ಬಂತು. ಸಸ್ಪೆಂಡ್ ಮಾಡೋದು ಪೊರಕೆ ಕೊಟ್ಟಿದ್ದಕ್ಕಲ್ಲ, ಆರಿಸಿ ಕೊಟ್ಟಿದ್ದಕ್ಕೆ.

ನಿವೃತ್ತ_ಮೇಷ್ಟ್ರು
ನಾನು ಯಾರನ್ನೂ ಆರಿಸಿ ಕೊಟ್ಟವನಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಾಲೂರು_ಕಡೆಯವ
ನಿಮ್ಮನ್ನು ಅನ್ನಲಿಲ್ಲ ಸಾರ್. ಪದ್ಧತಿಯನ್ನು ಅಂದೆ. ಮೇಷ್ಟ್ರು ಒಳ್ಳೆಯವರಾಗಿದ್ದರೆ ಸರಿ, ಇಲ್ಲದಿದ್ದರೆ ಮಗುವಿನ ಕರ್ಮ ಅನ್ನೋ ಹಾಗೆ ಇದ್ದಿದ್ದೇ ತೊಂದರೆ.

ಸಾಗರದ_ಸೆನ್ಸೇ
ಆ ರಟ್ಟಿನ ಚಕ್ರ ಇರೋದೇ ಅದಕ್ಕೆ ಅಂತ ನನಗನ್ನಿಸಿದೆ. ನಮ್ಮ ಶಾಲೆಯ ಚಕ್ರದಲ್ಲಿ ಟಾಯ್ಲೆಟ್ಟೂ ಒಂದು ಮನೆ. ಡಾಕ್ಟರ ಮಗಳಿಗೂ ಬರುತ್ತದೆ, ಮೀನುಗಾರನ ಮಗನಿಗೂ ಬರುತ್ತದೆ. ಪಕ್ಕದಲ್ಲಿ ಕ್ಲಾಸ್ ಟೀಚರ್ ಕೂಡ ಪ್ಯಾಂಟು ಮಡಚಿ ಬ್ರಷ್ ಹಿಡಿದಿರುತ್ತಾರೆ. ನನಗೆ ಮೆಟ್ಟಿಲು. ಮಕ್ಕಳಿಗೆ ಸಂಸ್ಕಾರ ಇದೆಯೋ ಇಲ್ಲವೋ ಗೊತ್ತಿಲ್ಲ, ಚಕ್ರಕ್ಕಂತೂ ಮುಖ ನೋಡಿ ಕೆಲಸ ಹಂಚೋಕೆ ಬರೋದಿಲ್ಲ.

ಬೆಳಗಾವಿ_ಬಸು
ಅದಕ್ಕೇ ಹೇಳೋದು, ಜಪಾನಿನಲ್ಲಿ ಜಾತಿ ಅನ್ನೋದೇ ಇಲ್ಲ.

ಕ್ಯೋತೊ_ಕಾವ್ಯ
ಬಸು ಅವರೇ, ಹಾಗೆ ಹೇಳೋಕಾಗಲ್ಲ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರನ್ನು ಊರಾಚೆ ಇಟ್ಟ ಚರಿತ್ರೆ ಇಲ್ಲೂ ಇದೆ. ಬುರಾಕು ಅಂತ ಕರೆಯುತ್ತಾರೆ. 1871ರಲ್ಲಿ ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ ಆ ಭೇದವನ್ನು ರದ್ದು ಮಾಡಿತು. ಆದರೂ ಮದುವೆ, ಕೆಲಸದ ವಿಷಯ ಬಂದಾಗ ಮನೆತನದ ವಿಳಾಸ ಹುಡುಕುವುದು ನಿಲ್ಲಲಿಲ್ಲ. 2016ರಲ್ಲಿ ಮತ್ತೆ ಬೇರೆ ಕಾನೂನೇ ತರಬೇಕಾಯಿತು. ನಾನು ಇಲ್ಲಿ ಸಂಶೋಧನೆ ಮಾಡುವಾಗ ಈ ಮಾತೆತ್ತಿದರೆ ಟೀ ಕುಡಿಯುತ್ತಿದ್ದವರೆಲ್ಲ ಕಪ್ಪಿನೊಳಗೆ ನೋಡುತ್ತಿದ್ದರು.

ಬೆಳಗಾವಿ_ಬಸು
ಇದು ಗೊತ್ತಿರಲಿಲ್ರೀ. ಓದತೀನಿ.

ಕಾಫಿ_ಕುಡುಕಿ
ಗಂಭೀರ ಚರ್ಚೆ ಮಧ್ಯೆ ಒಂದು ಹೊಟ್ಟೆಪಾಡಿನ ಪ್ರಶ್ನೆ. ಊಟಕ್ಕೆ ಏನು ಮಾಡ್ತೀರಿ? ಶಾಲೆಯಲ್ಲಿ ಮಕ್ಕಳ ಜೊತೆ ತಿನ್ನಬೇಕಂತೆ ಹೌದಾ?

ಸಾಗರದ_ಸೆನ್ಸೇ
ಹೌದು, ಅದೇ ಕ್ಲಾಸಿನಲ್ಲಿ, ಅದೇ ಸಣ್ಣ ಕುರ್ಚಿಯಲ್ಲಿ. ಬಡಿಸೋದೂ ಮಕ್ಕಳೇ. ಬಿಳಿ ಕೋಟು, ಬಿಳಿ ಟೊಪ್ಪಿ, ಮಾಸ್ಕು ಹಾಕಿಕೊಂಡು ದೊಡ್ಡ ಪಾತ್ರೆಗಳನ್ನು ಇಬ್ಬಿಬ್ಬರು ಹಿಡಿದು ತರುತ್ತಾರೆ. ಆ ಕೋಟು ವಾರದ ಕೊನೆಗೆ ಮನೆಗೆ ಹೋಗಿ ಒಗೆದು ಇಸ್ತ್ರಿ ಆಗಿ ಸೋಮವಾರ ಬೇರೆಯವರಿಗೆ ಬರುತ್ತದೆ. ಎಲ್ಲರ ತಟ್ಟೆ ತುಂಬುವ ತನಕ ಯಾರೂ ಮುಟ್ಟೋ ಹಾಗಿಲ್ಲ. ಅನ್ನ ಅಥವಾ ಬ್ರೆಡ್ಡು, ಒಂದು ಸೂಪು, ಒಂದು ಮೀನೋ ಮಾಂಸವೋ, ಸ್ವಲ್ಪ ತರಕಾರಿ, 200 ಮಿಲಿ ಹಾಲು. ಅನ್ನದ ಜೊತೆಗೂ ಹಾಲು, ನೂಡಲ್ಸ್ ಜೊತೆಗೂ ಹಾಲು. ಯಾಕೆ ಅಂತ ಕೇಳಬೇಡಿ, ಕ್ಯಾಲ್ಸಿಯಂ ಅಂತಾರೆ.

ಒಬ್ಬರು ಬಂದಿಲ್ಲ ಅಂದರೆ ಒಂದು ಪುಡ್ಡಿಂಗ್ ಉಳಿಯುತ್ತದೆ. ಆಗ ನೋಡಬೇಕು ಮಜಾ. ಬೇಕಾದವರೆಲ್ಲ ಬೋರ್ಡಿನ ಮುಂದೆ ಬಂದು ಕಲ್ಲು-ಕತ್ತರಿ-ಕಾಗದ ಆಡುತ್ತಾರೆ. ಇಡೀ ಬೆಳಗ್ಗೆ ಒಂದು ಇಂಗ್ಲಿಷ್ ವಾಕ್ಯ ಹೊರಡದ ಗಂಟಲಿನಿಂದ ಏನು ಕೂಗು! ಗೆದ್ದವನು ಪುಡ್ಡಿಂಗನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ತನ್ನ ಡೆಸ್ಕಿಗೆ ನಡೆಯುತ್ತಾನೆ. ಸೋತವರು ಚಪ್ಪಾಳೆ ತಟ್ಟುತ್ತಾರೆ. ಟೀಚರ್ ಕೂಡ ಆಡಬಹುದು, ಆದರೆ ಗೆದ್ದರೆ ಬಹಳ ದಿನ ಮಾತು ಕೇಳಬೇಕಾಗುತ್ತದೆ.

ನಾನು ಸಸ್ಯಾಹಾರಿ. ಮೊದಲ ವಾರವೇ ಡಬ್ಬಿ ತರ್ತೀನಿ ಅಂತ ಹೇಳಿಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಆದರೆ "ಕಷ್ಟ ಆಗುತ್ತಲ್ಲ" ಅಂತ ಮೂರು ಜನ ಬಂದು ಮೂರು ಥರ ಹೇಳಿ ಹೋದರು.

ಹುಬ್ಬಳ್ಳಿ_ಮಿರ್ಚಿ
ಮೀನಿನ ನೀರು ಹಾಕದ ಒಂದು ಸಾರು ಸಿಗತೈತೇನ್ರೀ ಅಲ್ಲಿ?

ನಿಶಿಕಸಾಯಿ_ನಾಗ
ಕಷ್ಟ. ಒಣಗಿಸಿದ ಮೀನನ್ನು ತುರಿದು ಕುದಿಸಿದ ನೀರೇ ಅಡುಗೆಗೆಲ್ಲ ಬುನಾದಿ. ಮಿಸೊ ಸೂಪಿಗೆ, ನೂಡಲ್ಸ್ ಸಾರಿಗೆ, ಬೇಯಿಸಿದ ಕುಂಬಳಕಾಯಿಗೂ ಅದೇ. ಹೋಟೆಲಿನಲ್ಲಿ ಮಾಂಸ ಬೇಡ ಅಂದರೆ ಮೀನು ತರುತ್ತಾರೆ. ಮೀನೂ ಬೇಡ ಅಂದರೆ ಮಾಂಸದ ಚೂರು ಎತ್ತಿಟ್ಟು ಸಾರು ತರುತ್ತಾರೆ. ಅವರ ತಪ್ಪಲ್ಲ ಬಿಡಿ. ಪೂರ್ತಿ ಸಸ್ಯಾಹಾರ ಬೇಕಾದರೆ ಕೋಯಾಸಾನ್‌ನಂಥ ಬೌದ್ಧ ಮಠಗಳ ಕಡೆ ಹೋಗಬೇಕು. ಅಲ್ಲಿ ಕಡಲ ಪಾಚಿ, ಅಣಬೆಯಿಂದ ಸಾರು ತೆಗೆಯುತ್ತಾರೆ. ಟೋಕಿಯೊದಲ್ಲಿ ನಮ್ಮವರು ಜಾಸ್ತಿ ಇರೋ ನಿಶಿಕಸಾಯಿಗೆ ಬಂದರೆ ಚಿಂತೆ ಇಲ್ಲ, ದೋಸೆ ಸಿಗುತ್ತೆ.

ಮಂಡ್ಯದ_ಮುದ್ದೆ
ಇಷ್ಟು ಕಷ್ಟ ಪಡೋ ಬದಲು ಮೀನು ತಿನ್ನೋದು ಕಲಿಯಿರಿ ಮೇಡಂ. ಊರಿಗೆ ಬಂದವಳು ನೀರಿಗೆ ಬರಲೇಬೇಕು.

ಕಾಫಿ_ಕುಡುಕಿ
ಅವರ ತಟ್ಟೆ, ಅವರ ಇಷ್ಟ. ನಿಮಗ್ಯಾಕೆ ಉರಿ?

ನಿವೃತ್ತ_ಮೇಷ್ಟ್ರು
ಊಟದ ವಿಷಯ ಬಂತಲ್ಲ. ನಮ್ಮ ಬಿಸಿಯೂಟವನ್ನೂ ಕಡಿಮೆ ಅಂದುಕೊಳ್ಳಬೇಡಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವಿದೆ. ನಾನು ದಿನಾ ನೋಡುತ್ತಿದ್ದೆ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ, 150 ಮಿಲಿ.

ಸಾಗರದ_ಸೆನ್ಸೇ
ಇಲ್ಲೂ ಅದೇ ನಿಯಮ ಸಾರ್! ಮಕ್ಕಳಿಗಿಂತ ಅರ್ಧ ಗಂಟೆ ಮೊದಲು ಹೆಡ್‌ಮಾಸ್ಟರ್ ಊಟ ಮಾಡಿ ಪುಸ್ತಕದಲ್ಲಿ ಬರೆದು ಸೀಲು ಒತ್ತುತ್ತಾರೆ. ಬಿಸಿಯೂಟದ ಕಾನೂನು ಬಂದಿದ್ದು 1954ರಲ್ಲಿ. ಆದರೆ ಮೊದಲಿನಿಂದಲೂ ಪುಕ್ಕಟೆ ಅಂತ ತಿಳಿಯಬೇಡಿ. ಬಹಳ ಕಡೆ ತಿಂಗಳಿಗೆ ನಾಲ್ಕೈದು ಸಾವಿರ ಯೆನ್ ಮನೆಯವರೇ ಕಟ್ಟುತ್ತಾ ಬಂದಿದ್ದಾರೆ. ಕೆಲವು ಊರುಗಳು ಮಾತ್ರ ಉಚಿತ ಮಾಡಿದ್ದವು.

ವೇದಿಕೆ_ನಿರ್ವಾಹಕ
ಮುಂದಿನವರು ಮೊಟ್ಟೆ ಬಗ್ಗೆ ಬರೆಯೋ ಮೊದಲೇ ಹೇಳಿಬಿಡ್ತೀನಿ. ಮೊಟ್ಟೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ.

ಬಿಡದಿ_ಬಾಲು
ನಾನು ಜಪಾನಿಯರ ಕಂಪನಿಯಲ್ಲಿ ಬಹಳ ವರ್ಷದಿಂದ ಇದ್ದೀನಿ. ಅವರ ಶಿಸ್ತು ಅಂದರೆ ಶಿಸ್ತು ಸ್ವಾಮಿ. ರೈಲು 20 ಸೆಕೆಂಡ್ ತಡ ಆಗಿದ್ದಕ್ಕೆ ಕ್ಷಮೆ ಕೇಳಿದ ದೇಶ ಅದು. ಹುಟ್ಟುಗುಣ ಅಂತೀನಿ ನಾನು.

ಕ್ಯೋತೊ_ಕಾವ್ಯ
ತಡ ಅಲ್ಲ, 20 ಸೆಕೆಂಡ್ ಬೇಗ ಹೊರಟಿದ್ದಕ್ಕೆ. 2017ರ ನವೆಂಬರ್, ತ್ಸುಕುಬಾ ಎಕ್ಸ್‌ಪ್ರೆಸ್. 9:44:40ಕ್ಕೆ ಹೊರಡಬೇಕಾದ್ದು 9:44:20ಕ್ಕೆ ಹೊರಟಿತು. ಮತ್ತೆ ಹುಟ್ಟುಗುಣ ಏನೂ ಅಲ್ಲ. ಶಾಲೆಯಲ್ಲಿ ಪ್ರತಿಯೊಂದನ್ನೂ ರಿಹರ್ಸಲ್ ಮಾಡಿಸುತ್ತಾರೆ. ಮಾರ್ಚಿನ ಬೀಳ್ಕೊಡುಗೆ ಸಮಾರಂಭಕ್ಕೆ ಏಳೋದು, ಬಗ್ಗೋದು, ಕೂರೋದನ್ನೇ ದಿನಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಅಷ್ಟು ಮಾಡಿದರೆ ನಾನೂ ಶಿಸ್ತಿನವಳೇ.

ಸಾಗರದ_ಸೆನ್ಸೇ
ಕಾವ್ಯ ಹೇಳಿದ್ದು ಸರಿ. ಭೂಕಂಪದ ಡ್ರಿಲ್ಲೂ ಹಾಗೇ. ಸೆಪ್ಟೆಂಬರ್ 1 ಅಂದರೆ 1923ರಲ್ಲಿ ಟೋಕಿಯೊ ಕಡೆ ಆದ ಕಾಂತೊ ಭೂಕಂಪದ ದಿನ. ಆ ದಿನದ ಆಸುಪಾಸಿನಲ್ಲಿ ಶಾಲೆಗಳಲ್ಲಿ ಡ್ರಿಲ್ ಇರುತ್ತದೆ. ಮಕ್ಕಳು ಡೆಸ್ಕಿನ ಕೆಳಗೆ ನುಗ್ಗಿ ಅದರ ಕಾಲು ಹಿಡಿದುಕೊಳ್ಳುತ್ತಾರೆ, ಆಮೇಲೆ ಸಾಲಾಗಿ ಮೈದಾನಕ್ಕೆ. ಹೆಡ್‌ಮಾಸ್ಟರ್ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಹೋದ ಸಲಕ್ಕಿಂತ ನಿಧಾನ ಆಯಿತು, ಎರಡನೇ ಕ್ಲಾಸಿನವರು ಮಾತಾಡಿದರು ಅಂತ ಅಲ್ಲೇ ಹೇಳುತ್ತಾರೆ.

ಸೈತಾಮಾ_ಶ್ರೀ
ನೀವು ಜೆಟ್‌ನವರು, ಪುಣ್ಯವಂತರು. ನನ್ನಂಥ ಏಜೆನ್ಸಿ ಮೇಷ್ಟ್ರುಗಳ ಕಥೆ ಬೇರೆ. ಪಾಠ ಸರ್ಕಾರಿ ಶಾಲೆಯಲ್ಲೇ, ಸಂಬಳ ಏಜೆನ್ಸಿಯಿಂದ. ಆಗಸ್ಟ್‌ನಲ್ಲಿ ಶಾಲೆ ಇಲ್ಲ ಅಂತ ಸಂಬಳ ಕತ್ತರಿಸುತ್ತಾರೆ. ಬಾಡಿಗೆಯವನು ಆಗಸ್ಟ್ ಅಂತ ಬಿಡ್ತಾನಾ?

ಇನ್ನೊಂದು ತಮಾಷೆ ಕೇಳಿ. ಹೋದ ವರ್ಷದ ನನ್ನ ಗುತ್ತಿಗೆ ಎಂಥದ್ದು ಅಂದರೆ, ಕ್ಲಾಸಿನಲ್ಲಿ ಪಕ್ಕದಲ್ಲೇ ನಿಂತಿರುವ ಜಪಾನಿ ಟೀಚರ್ ನನಗೆ "ಈ ಪುಟ ಓದಿಸಿ" ಅಂತ ನೇರವಾಗಿ ಹೇಳುವ ಹಾಗಿಲ್ಲ. ಹೊರಗುತ್ತಿಗೆಯವನಿಗೆ ಶಾಲೆಯವರು ಅಪ್ಪಣೆ ಕೊಟ್ಟರೆ ಕಾನೂನು ಪ್ರಕಾರ ತಪ್ಪು. ಏಜೆನ್ಸಿಗೆ ಹೇಳಬೇಕು, ಏಜೆನ್ಸಿ ನನಗೆ ಹೇಳಬೇಕು. ಪಾಪ ಆ ಟೀಚರ್ ಪುಟ ತೆರೆದು ಡೆಸ್ಕ್ ಮೇಲೆ ಇಟ್ಟು, ಅದರ ಕಡೆ ನೋಡಿ ಕೆಮ್ಮುತ್ತಿದ್ದರು.

ಇಡ್ಲಿ_ವಡೆ_ಮಿಕ್ಸ್
ಕೆಮ್ಮಿ ಪಾಠ ಮಾಡಿಸೋದು 😂 ನಮ್ಮ ಆಫೀಸಿಗೂ ಬೇಕು ಇದು.

ಪದ್ಮಕ್ಕ_ಮೈಸೂರು
ಕ್ಲಾಸಿನಲ್ಲಿ ಮಕ್ಕಳು ಹೇಗಮ್ಮ? ನಮ್ಮ ಮಕ್ಕಳ ಥರ ಕಿರುಚಾಡ್ತಾರಾ, ಇಲ್ಲ ಗೊಂಬೆ ಥರ ಕೂತಿರ್ತಾರಾ?

ಸಾಗರದ_ಸೆನ್ಸೇ
ಪದ್ಮಕ್ಕ, ಮೂರನೇ ಕ್ಲಾಸಿನವರು ನನ್ನ ಕೈ ಹಿಡಿದು ಎಳೆದಾಡ್ತಾರೆ. ಎಂಟನೇ ಕ್ಲಾಸಿಗೆ ಬಂದ ಅದೇ ಮಕ್ಕಳು ಡೆಸ್ಕ್ ನೋಡ್ತಾ ಕೂರ್ತಾರೆ. ಒಬ್ಬ ಹುಡುಗನಿಗೆ ನಿನ್ನೆ ಏನು ತಿಂದೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ ಅಂದುಕೊಳ್ಳಿ. ಅವನು ಮೊದಲು ಹಿಂದಕ್ಕೆ ತಿರುಗುತ್ತಾನೆ. ಪಕ್ಕದವಳೂ ಸೇರುತ್ತಾಳೆ. ಮೂವರೂ ಪಿಸುಪಿಸು ಮಾತಾಡಿ, ಒಪ್ಪಿಗೆಯಾದ ಮೇಲೆ ಉತ್ತರ ಬರುತ್ತದೆ. ಅವನು ತಿಂದಿದ್ದು ಅವನಿಗೆ ಗೊತ್ತಿಲ್ಲ ಅಂತಲ್ಲ. ತಪ್ಪಾದರೆ ಮೂವರದ್ದೂ ಆಗಲಿ ಅಂತ.

ಉತ್ತರಕ್ಕೆ ಕಾಯೋದೇ ನನಗಿಲ್ಲಿ ಕಷ್ಟದ ಕೆಲಸ. ಅಷ್ಟು ಹೊತ್ತಿನ ಮೌನ ನಮ್ಮ ಸಾಗರದಲ್ಲಿ ಕರೆಂಟು ಹೋದಾಗಲೂ ಇರೋದಿಲ್ಲ.

ಮಂಡ್ಯದ_ಮುದ್ದೆ
ಅದೇ ಚೆಂದ ಅಲ್ವಾ? ನಮ್ಮಲ್ಲಿ ಗೊತ್ತಿಲ್ಲದವನೇ ಮೊದಲು ಕೈ ಎತ್ತೋದು.

ನಿಶಿಕಸಾಯಿ_ನಾಗ
ಚೆಂದ ಅನ್ನೋದಕ್ಕೆ ಮುಂಚೆ ಇದನ್ನೂ ನೋಡಿ. ಒಂದು ವರ್ಷದಲ್ಲಿ 30 ದಿನ ಅಥವಾ ಅದಕ್ಕಿಂತ ಜಾಸ್ತಿ ಶಾಲೆಗೆ ಹೋಗದ ಮಕ್ಕಳ ಲೆಕ್ಕ ಸರ್ಕಾರವೇ ಇಡುತ್ತದೆ. ಕಾಯಿಲೆ, ಬಡತನದ ಕಾರಣ ಬಿಟ್ಟು. 2023ನೇ ಸಾಲಿನಲ್ಲಿ ಪ್ರಾಥಮಿಕ, ಪ್ರೌಢ ಸೇರಿ ಸುಮಾರು 3 ಲಕ್ಷ 46 ಸಾವಿರ ಮಕ್ಕಳು. ನನ್ನ ಮಗನ ಕ್ಲಾಸಿನಲ್ಲೂ ಒಂದು ಖಾಲಿ ಡೆಸ್ಕ್ ಇದೆ. ಕ್ಲೀನಿಂಗ್ ಹೊತ್ತಿನಲ್ಲಿ ಅದನ್ನೂ ಹಿಂದಕ್ಕೆ ಮುಂದಕ್ಕೆ ತಳ್ಳುತ್ತಾರಂತೆ.

ಕ್ಯೋತೊ_ಕಾವ್ಯ
ಒಸಾಕಾದ ಕೂದಲಿನ ಕೇಸನ್ನೂ ಸೇರಿಸಿ. ಹುಟ್ಟಾ ಕಂದು ಕೂದಲಿದ್ದ ಹುಡುಗಿಗೆ ಕಪ್ಪು ಬಣ್ಣ ಹಾಕಿಕೋ ಅಂತ ಶಾಲೆ ಒತ್ತಾಯ ಮಾಡಿತು ಅಂತ 2017ರಲ್ಲಿ ಕೋರ್ಟಿಗೆ ಹೋದಳು. 2021ರಲ್ಲಿ ತೀರ್ಪು ಬಂತು, 3 ಲಕ್ಷ 30 ಸಾವಿರ ಯೆನ್ ಪರಿಹಾರ. ಎಲ್ಲರೂ ಅವಳು ಗೆದ್ದಳು ಅಂತ ಬರೆದರು. ಆದರೆ ಪರಿಹಾರ ಕೊಟ್ಟಿದ್ದು ಅವಳ ಡೆಸ್ಕ್ ತೆಗೆದು, ಹಾಜರಿಯಿಂದ ಹೆಸರು ಬಿಟ್ಟಿದ್ದಕ್ಕೆ. ಕೂದಲಿನ ನಿಯಮ ತಪ್ಪು ಅಂತ ಆ ಕೋರ್ಟು ಹೇಳಲಿಲ್ಲ.

ಬಿಡದಿ_ಬಾಲು
ಎಲ್ಲ ದೇಶದಲ್ಲೂ ಹುಳುಕು ಇರುತ್ತೆ. ಹುಡುಕಿ ಹುಡುಕಿ ತೆಗೆಯೋದು ಯಾಕೆ?

ಸೈತಾಮಾ_ಶ್ರೀ
ಹುಡುಕೋದೇ ಬೇಡ ಬಾಲು ಅವರೇ, ಸಂಜೆ ಏಳಕ್ಕೆ ಸ್ಟಾಫ್‌ರೂಮಿಗೆ ಬನ್ನಿ. ಒಬ್ಬರೂ ಮನೆಗೆ ಎದ್ದು ಹೋಗಿರೋದಿಲ್ಲ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಪ್ರೌಢಶಾಲಾ ಶಿಕ್ಷಕರ ಕೆಲಸ ವಾರಕ್ಕೆ 56 ಗಂಟೆ. ಉಳಿದ ದೇಶಗಳ ಸರಾಸರಿ 38ರ ಆಸುಪಾಸು. ಓವರ್‌ಟೈಮ್ ಕೊಡ್ತಾರಾ? ಇಲ್ಲ. 1971ರ ಕಾನೂನು ಪ್ರಕಾರ ಮೂಲ ವೇತನದ ಶೇ 4ರಷ್ಟು ಸೇರಿಸಿ ಕೊಡ್ತಾ ಬಂದಿದ್ದರು, ಎಷ್ಟು ಹೊತ್ತು ದುಡಿದರೂ ಅಷ್ಟೇ. 2025ರಲ್ಲಿ ತಿದ್ದುಪಡಿ ಮಾಡಿ, ವರ್ಷ ವರ್ಷ ಸ್ವಲ್ಪ ಏರಿಸಿ ಶೇ 10ಕ್ಕೆ ತರ್ತೀವಿ ಅಂದಿದ್ದಾರೆ.

ಶನಿವಾರ ಬೇಸ್‌ಬಾಲ್ ಕ್ಲಬ್, ಭಾನುವಾರ ಮ್ಯಾಚು. ನಮ್ಮ ಗಣಿತದ ಟೀಚರಿಗೆ ಎರಡು ವರ್ಷದ ಮಗು ಇದೆ, ಅವರು ಮನೆಗೆ ಹೋಗೋ ಹೊತ್ತಿಗೆ ಅದು ಮಲಗಿರುತ್ತೆ. ವಿಡಿಯೊದಲ್ಲಿ ಕಾಣೋ ಶಿಸ್ತಿನ ಖರ್ಚು ಇವರ ಜೇಬಿನಿಂದ ಹೋಗ್ತಿರೋದು.

ಪದ್ಮಕ್ಕ_ಮೈಸೂರು
ಅಯ್ಯೋ. ನಾವು ಗಣತಿ, ಚುನಾವಣೆ ಡ್ಯೂಟಿ ಅಂತ ಗೊಣಗ್ತಿದ್ವಿ.

ಸಾಗರದ_ಸೆನ್ಸೇ
ಶ್ರೀ ಹೇಳಿದ್ದನ್ನು ಒಪ್ತೀನಿ. ರಜೆಯ ಕಥೆಯೂ ಇದೇ. ಜ್ವರ ಬಂದಾಗ ನನಗೆ ಕಾಯಿಲೆ ರಜೆ ಇದೆ ಅಂತ ಗುತ್ತಿಗೆಯಲ್ಲೇ ಬರೆದಿದೆ. ಫೋನ್ ಮಾಡಿದರೆ "ಸುಮ್ನೆ ನಿಮ್ಮ ವಾರ್ಷಿಕ ರಜೆಯಲ್ಲಿ ಹಾಕಿ, ಎಲ್ಲರೂ ಹಾಗೇ ಮಾಡೋದು" ಅಂದರು. ನಾನು ಹಾಕಲಿಲ್ಲ, ಡಾಕ್ಟರ ಚೀಟಿ ತಂದು ಕೊಟ್ಟೆ. ಕೆಲವರಿಗೆ ಹಿಡಿಸಲಿಲ್ಲ. ಪಕ್ಕದ ಡೆಸ್ಕಿನ ವಿಜ್ಞಾನದ ಟೀಚರ್ ಮಾತ್ರ ಕಾರಿಡಾರಿನಲ್ಲಿ ಸಿಕ್ಕಾಗ, ಯಾರೂ ಇಲ್ಲ ಅಂತ ನೋಡಿಕೊಂಡು "ಒಳ್ಳೇದು ಮಾಡಿದಿರಿ" ಅಂದರು.

ವರ್ಗಾವಣೆ ಬಗ್ಗೆ ಕೇಳಿದರೆ ನಮ್ಮ ಮೇಷ್ಟ್ರುಗಳು ಬೆಚ್ಚಿ ಬೀಳ್ತಾರೆ. ಇಲ್ಲಿಯ ಸರ್ಕಾರಿ ಶಿಕ್ಷಕರನ್ನು ಕೆಲವು ವರ್ಷಕ್ಕೊಮ್ಮೆ ಎತ್ತಿ ಹಾಕುತ್ತಾರೆ. ಎಲ್ಲಿಗೆ ಅಂತ ಗೊತ್ತಾಗೋದು ಮಾರ್ಚ್ ಕೊನೆಯಲ್ಲಿ, ಏಪ್ರಿಲ್ 1ಕ್ಕೆ ಹಾಜರು. ಶಿಮಾನೆಯಲ್ಲಿ ಓಕಿ ದ್ವೀಪಗಳಿಗೂ ಹಾಕಬಹುದು, ದೋಣಿ ಹತ್ತಿ ಹೋಗಬೇಕು. ಪಟ್ಟಿ ಊರಿನ ಪೇಪರಿನಲ್ಲಿ ಅಚ್ಚಾಗುತ್ತದೆ. ಬೆಳಗ್ಗೆ ಸ್ಟಾಫ್‌ರೂಮಿನಲ್ಲಿ ಎಲ್ಲರ ಕೈಯಲ್ಲೂ ಅದೇ ಪುಟ.

ನಿವೃತ್ತ_ಮೇಷ್ಟ್ರು
ಕೌನ್ಸೆಲಿಂಗ್ ಇಲ್ಲವೇ? ನಮ್ಮಲ್ಲಿ ಪರದೆ ಮೇಲೆ ಖಾಲಿ ಜಾಗ ತೋರಿಸಿ ಆರಿಸಿಕೊಳ್ಳಿ ಅಂತಾರೆ. ಅದಕ್ಕೂ ನಾವು ಮುಷ್ಕರ ಮಾಡಿದ್ದೇವೆ!

ಕಾಫಿ_ಕುಡುಕಿ
ಬೇಜಾರಿನ ಮಾತು ಸಾಕು. ಊರಿಂದ ಹೋಗುವಾಗ ಸ್ಟಾಫ್‌ರೂಮಿಗೆ ಏನು ತಗೊಂಡು ಹೋದ್ರಿ?

ಸಾಗರದ_ಸೆನ್ಸೇ
ಮೈಸೂರ್ ಪಾಕ್. ಇಲ್ಲಿ ಯಾರು ಎಲ್ಲಿಗೆ ಹೋಗಿ ಬಂದರೂ ಎಲ್ಲರ ಡೆಸ್ಕ್ ಮೇಲೆ ಒಂದೊಂದು ಸಿಹಿ ಇಡಬೇಕು. ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ ಇರಬೇಕು. ಮೈಸೂರ್ ಪಾಕ್ ಡಬ್ಬಿ ತೆರೆದರೆ ಪೊಟ್ಟಣ ಎಲ್ಲಿ ಬಂತು? ಆಫೀಸಿನ ಹೆಂಗಸು ಒಂದು ನಿಮಿಷ ಡಬ್ಬಿಯನ್ನೇ ನೋಡಿದರು. ಆಮೇಲೆ ಕತ್ತರಿ, ಪಾರದರ್ಶಕ ಹಾಳೆ ತಂದು ಒಂದೊಂದನ್ನೂ ಸುತ್ತಿ ಟೇಪು ಹಚ್ಚಿ, ನನ್ನ ಹೆಸರು, ಇಂಡಿಯಾ ಅಂತ ಬರೆದ ಚೀಟಿ ಅಂಟಿಸಿ ಹಂಚಿದರು. ಉಪ ಹೆಡ್‌ಮಾಸ್ಟರ್ ಅದನ್ನು ಹಸಿರು ಟೀ ಜೊತೆ ಚೂರು ಚೂರೇ ತಿಂದು, "ಬಹಳ ಶಕ್ತಿ ಬರುತ್ತದೆ" ಅಂದರು. ತುಪ್ಪ ಜಾಸ್ತಿಯಾಯಿತು ಅಂತ ಅರ್ಥ ಇರಬೇಕು.

ಹುಬ್ಬಳ್ಳಿ_ಮಿರ್ಚಿ
ಧಾರವಾಡ ಪೇಡೆ ಒಯ್ಯಬೇಕಿತ್ರೀ ಅಕ್ಕಾರ. ಒಂದೊಂದು ಬಿಡಿ ಬಿಡಿ ಇರತೈತಿ, ಸುತ್ತಾಕೂ ಸಲೀಸು.

ಪದ್ಮಕ್ಕ_ಮೈಸೂರು
ಮೈಸೂರ್ ಪಾಕ್‌ಗೆ ಏನಾಗಿದೆ ಈಗ?

ಹುಬ್ಬಳ್ಳಿ_ಮಿರ್ಚಿ
ಏನೂ ಆಗಿಲ್ರೀ. ಹಲ್ಲು ಗಟ್ಟಿ ಇದ್ದವರಿಗೆ ಚಲೋ.

ಕ್ಯೋತೊ_ಕಾವ್ಯ
ಶಿಮಾನೆ ಅಂದಿರಿ. ಹಾಗಾದರೆ ಮಾತ್ಸುಯೆ ಹತ್ತಿರ ಅಲ್ವಾ? ಲಾಫ್ಕಾಡಿಯೊ ಹರ್ನ್ ಪಾಠ ಮಾಡಿದ ಊರು. ನಿಮ್ಮೆಲ್ಲರಿಗೂ ಹಿರಿಯ ಅವನು. ಗ್ರೀಸಿನ ದ್ವೀಪದಲ್ಲಿ ಹುಟ್ಟಿ, ಅಮೆರಿಕದಲ್ಲಿ ಪತ್ರಕರ್ತನಾಗಿ, 1890ರಲ್ಲಿ ಜಪಾನಿಗೆ ಬಂದು ಮಾತ್ಸುಯೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದ. ಅಲ್ಲೇ ಕೊಯಿಜುಮಿ ಸೆತ್ಸುವನ್ನು ಮದುವೆಯಾದ. 1896ರಲ್ಲಿ ಜಪಾನಿನ ಪ್ರಜೆಯಾಗಿ ಹೆಸರೂ ಕೊಯಿಜುಮಿ ಯಾಕುಮೊ ಅಂತ ಬದಲಾಯಿಸಿಕೊಂಡ.

ಸಾಗರದ_ಸೆನ್ಸೇ
ಅವನ ಮನೆ ಈಗಲೂ ಇದೆ, ಪಕ್ಕದಲ್ಲೇ ಮ್ಯೂಸಿಯಂ. ನಮ್ಮ ಮಕ್ಕಳಿಗೆ ಅವನು ಹೇಳಿದ ದೆವ್ವದ ಕಥೆಗಳೆಲ್ಲ ಬಾಯಿಪಾಠ. ಒಂದು ವಿಷಯ ನನಗೆ ಬಹಳ ಹಿಡಿಸಿತು. ಇಷ್ಟು ಪ್ರೀತಿಸಿದ ಊರಿನಲ್ಲಿ ಅವನು ಒಂದು ವರ್ಷದ ಮೇಲೆ ಸ್ವಲ್ಪ ದಿನ ಇದ್ದ ಅಷ್ಟೇ. ಇಲ್ಲಿಯ ಚಳಿ ತಡೆಯಲಾರದೆ 1891ರಲ್ಲಿ ದಕ್ಷಿಣದ ಕುಮಾಮೊತೊಗೆ ಹೋಗಿಬಿಟ್ಟ. ಅವನನ್ನು ಬೈಯೋಕೆ ನನಗೆ ಬಾಯಿಲ್ಲ. ಕ್ಲಾಸಿನಲ್ಲಿ ಸೀಮೆಎಣ್ಣೆ ಸ್ಟೋವ್ ಇದೆ, ಕಾರಿಡಾರಿನಲ್ಲಿ ಏನೂ ಇಲ್ಲ. ಜನವರಿಯಲ್ಲಿ ಸ್ಟಾಫ್‌ರೂಮಿನಿಂದ ಕ್ಲಾಸಿಗೆ ಹೋಗೋದೇ ಒಂದು ಸಾಹಸ. ಹುಡುಗರು ಮಾತ್ರ ಚಡ್ಡಿಯಲ್ಲಿ ಓಡಾಡ್ತಿರ್ತಾರೆ.

ಸೈತಾಮಾ_ಶ್ರೀ
ಹರ್ನ್‌ನ ಕೊನೆಯನ್ನೂ ಹೇಳಿ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಪಾಠ ಮಾಡಿದ. 1903ರಲ್ಲಿ ಅವನ ಗುತ್ತಿಗೆ ಮುಂದುವರಿಸಲಿಲ್ಲ, ಆ ಜಾಗಕ್ಕೆ ಮುಂದೆ ದೊಡ್ಡ ಕಾದಂಬರಿಕಾರರಾದ ನತ್ಸುಮೆ ಸೊಸೆಕಿ ಬಂದರು. ಪ್ರಜೆಯಾದರೂ, ಹೆಸರು ಬದಲಾಯಿಸಿದರೂ, ಗುತ್ತಿಗೆ ಮುಗಿದರೆ ಮುಗೀತು. ವಿದೇಶಿ ಮೇಷ್ಟ್ರ ಬಾಳು 120 ವರ್ಷದಿಂದ ಇಷ್ಟೇ.

ಬಿಡದಿ_ಬಾಲು
ಅವನ ಜಾಗಕ್ಕೆ ತಮ್ಮವರೇ ತಯಾರಾದರು ಅಂತಲೂ ನೋಡಬಹುದಲ್ಲ? ಆಗ ಹೊರಗಿನವರನ್ನು ಕರೆಸಿದ್ದೇ ಕಲಿತು ಕಳಿಸೋಕೆ.

ಸೈತಾಮಾ_ಶ್ರೀ
ಕಲಿತಾಯಿತಲ್ಲ, ಮತ್ತೆ 1987ರಲ್ಲಿ ಜೆಟ್ ಶುರು ಮಾಡಿ ಪುನಃ ಯಾಕೆ ಕರೆಸಿದರು? ಮೊದಲ ವರ್ಷವೇ 848 ಜನ.

ಬಿಡದಿ_ಬಾಲು
ಅದು ಬೇರೆ ವಿಷಯ.

ಸೈತಾಮಾ_ಶ್ರೀ
ಹೇಗೆ ಬೇರೆ?

ತೀರ್ಥಹಳ್ಳಿ_ತರುಣ
ಅಣ್ಣಂದಿರೇ, ಜಗಳದ ಮಧ್ಯೆ ಕ್ಷಮಿಸಿ. ಅಕ್ಕ, ನಾನು ಈ ವರ್ಷ ಬಿ.ಎ. ಮುಗಿಸ್ತಿದ್ದೀನಿ. ಜೆಟ್‌ಗೆ ಅರ್ಜಿ ಹಾಕಬೇಕು ಅಂತ ಆಸೆ. ಜಪಾನಿ ಭಾಷೆ ಬರಲ್ಲ. ಇದನ್ನೆಲ್ಲ ಓದಿ ಸ್ವಲ್ಪ ಭಯವೂ ಆಯ್ತು.

ಸಾಗರದ_ಸೆನ್ಸೇ
ಭಯ ಬೇಡ ತಮ್ಮ. ನನಗೆ ಈ ಕೆಲಸ ಇಷ್ಟ ಇಲ್ಲದಿದ್ದರೆ ಇಷ್ಟುದ್ದ ಬರೀತಿದ್ನಾ? ಡಿಗ್ರಿ ಬೇಕು, ಇಂಗ್ಲಿಷ್ ಚೆನ್ನಾಗಿರಬೇಕು. ಸಹಾಯಕ ಶಿಕ್ಷಕರ ಕೆಲಸಕ್ಕೆ ಜಪಾನಿ ಭಾಷೆ ಕಡ್ಡಾಯ ಅಲ್ಲ, ಆದರೆ ಬಂದ ಮೇಲೆ ಕಲಿಯದಿದ್ದರೆ ಸ್ಟಾಫ್‌ರೂಮಿನಲ್ಲಿ ಕುರ್ಚಿ ಥರ ಇರ್ತೀಯ. ಅರ್ಜಿ ಜಪಾನ್ ರಾಯಭಾರ ಕಚೇರಿ ಮೂಲಕ. ಪ್ರಕಟಣೆ ಸಾಮಾನ್ಯವಾಗಿ ಮಳೆಗಾಲ ಮುಗಿಯೋ ಹೊತ್ತಿಗೆ ಬರುತ್ತೆ. ಸಂದರ್ಶನ ವರ್ಷದ ಆರಂಭದಲ್ಲಿ, ಹೊರಡೋದು ಜುಲೈ-ಆಗಸ್ಟ್. ಒಂದೊಂದು ವರ್ಷದ ಗುತ್ತಿಗೆ, ಜಾಸ್ತಿ ಅಂದರೆ ಐದು ವರ್ಷ. ಇಂಡಿಯಾದಿಂದ ತಗೊಳ್ಳೋದು ಬಹಳ ಕಡಿಮೆ ಜನ, ಅದನ್ನೂ ತಿಳಿದುಕೊಂಡಿರು. ಊರು ಯಾವುದು ಅಂತ ಆರಿಸೋದು ಅವರು. ಟೋಕಿಯೊ ಕನಸು ಕಂಡು ನನ್ನ ಹಾಗೆ ಗದ್ದೆ ಮಧ್ಯೆ ಇಳಿಯೋರೇ ಜಾಸ್ತಿ. ಕಾರು ಓಡಿಸೋಕೆ ಬರುತ್ತಾ?

ತೀರ್ಥಹಳ್ಳಿ_ತರುಣ
ಬರುತ್ತೆ ಅಕ್ಕ. ನಮ್ಮ ಘಾಟಿಯಲ್ಲೇ ಕಲಿತಿದ್ದು.

ಸಾಗರದ_ಸೆನ್ಸೇ
ಹಾಗಾದರೆ ಬರುವಾಗಲೇ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬಾ. ಇಲ್ಲೂ ಎಡಗಡೆಯೇ ಓಡಿಸೋದು. ಅದು ಒಂದು ವರ್ಷಕ್ಕೆ ಮಾತ್ರ. ಆಮೇಲೆ ಇಲ್ಲಿಯ ಲೈಸೆನ್ಸ್‌ಗೆ ಬದಲಾಯಿಸಬೇಕು. 2025ರ ಅಕ್ಟೋಬರ್‌ನಿಂದ ಲಿಖಿತ ಪರೀಕ್ಷೆಯಲ್ಲಿ 10ರ ಬದಲು 50 ಪ್ರಶ್ನೆ. ಡ್ರೈವಿಂಗ್ ಟೆಸ್ಟಿನಲ್ಲಿ ತಿರುವಿಗೊಮ್ಮೆ ಕನ್ನಡಿ ನೋಡಿ, ಕತ್ತು ಪೂರ್ತಿ ತಿರುಗಿಸಿ ಹಿಂದೆ ನೋಡಬೇಕು, ಪರೀಕ್ಷೆ ಮಾಡುವವರಿಗೆ ಕಾಣೋ ಹಾಗೆ ನೋಡಬೇಕು. ಹಾರ್ನ್ ಮುಟ್ಟಲೇಬೇಡ.

ಹುಬ್ಬಳ್ಳಿ_ಮಿರ್ಚಿ
ಹಾರ್ನ್ ಹೊಡೀದೆ ಗಾಡಿ ಮುಂದಕ್ಕ ಹೋಗತೈತೇನ್ರೀ?